ಅಮಾವಾಸ್ಯೆಯ ಗಿರಾಕಿ

ಪಂಚಾಂಗವನ್ನು ಜನ ಮದುವೆಗೆ ನೋಡುತ್ತಾರೆ, ಗೃಹಪ್ರವೇಶಕ್ಕೆ ನೋಡುತ್ತಾರೆ, ಹೊಸ ಟ್ರ್ಯಾಕ್ಟರು ಮನೆಗೆ ತರುವುದಕ್ಕೂ ನೋಡುತ್ತಾರೆ. ಅವರಿಗೆಲ್ಲ ಅಮಾವಾಸ್ಯೆ ಬೇಕಾಗುವುದು ಆ ದಿನವನ್ನು ಬಿಟ್ಟು ಬೇರೊಂದನ್ನು ಹಿಡಿಯುವುದಕ್ಕೆ. ಅಮಾವಾಸ್ಯೆಯನ್ನೇ ಹುಡುಕಿ ಅದರ ಸುತ್ತ ಕೆಂಪು ಇಂಕಿನ ಗೆರೆ ಎಳೆಯುವವರು ನಮ್ಮೂರಲ್ಲಿ ಇಬ್ಬರೇ. ಒಬ್ಬರು ಕೆರೆ ಏರಿಯ ಆಚೆ ಇರುವ, ತಾಯಿತ ಕಟ್ಟುವ, ತಡೆ ಒಡೆಯುವ ಹಿರಿಯರು. ಇನ್ನೊಬ್ಬ ನಾನು. ಅವರಿಗೆ ಅದು ಕಸುಬು, ನನಗೆ ಚಟ. ಅವರಿಗೆ ದಕ್ಷಿಣೆ ಬರುತ್ತದೆ, ನನ್ನಿಂದ ಹೋಗುತ್ತದೆ.

ನನಗೆ ಅಮಾವಾಸ್ಯೆ ಬೇಕಾಗಿರುವುದು ಚಂದ್ರನ ಕಾಟ ತಪ್ಪಿಸಿಕೊಳ್ಳಲು. ಕವಿಗಳು ಕ್ಷಮಿಸಬೇಕು. ಬೆಳದಿಂಗಳು ಚೆಲ್ಲಿದೆ ಎಂದು ಅವರು ಹಿಗ್ಗುವ ಹೊತ್ತಿಗೆ, ಆ ಬೆಳಕಿನಲ್ಲಿ ಮುಳುಗಿಹೋದ ನೀಹಾರಿಕೆಗಳನ್ನೂ ಗೆಲಾಕ್ಸಿಗಳನ್ನೂ ನೆನೆದು ಕೈ ಕೈ ಹಿಸುಕಿಕೊಳ್ಳುವ ಪಂಗಡ ನಮ್ಮದು. ಅಷ್ಟು ಮಸುಕು ಈ ವಸ್ತುಗಳು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಧೂಮಕೇತು ಹುಡುಕುವುದನ್ನೇ ಬದುಕು ಮಾಡಿಕೊಂಡಿದ್ದ ಚಾರ್ಲ್ಸ್ ಮೆಸಿಯೇ ಎಂಬಾತನಿಗೆ ಇವು ಪದೇ ಪದೇ ಅಡ್ಡ ಬಂದವು. ಧೂಮಕೇತು ಎಂದುಕೊಂಡು ಯಾರೂ ಮೋಸಹೋಗದಿರಲಿ ಎಂದು ಅವನು 1774ರಲ್ಲಿ ಒಂದು ಪಟ್ಟಿ ಹೊರಡಿಸಿದ. ಆಮೇಲಿನವರು ಸೇರಿಸಿದ್ದೂ ಕೂಡಿ ಇಂದು ಅದರಲ್ಲಿ 110 ವಸ್ತುಗಳಿವೆ. ಅವನು ಬೆನ್ನಟ್ಟಿದ ಧೂಮಕೇತುಗಳ ಹೆಸರು ಕೇಳಿದರೆ ನನಗೆ ಒಂದೂ ಬಾರದು. ಬೇಡವೆಂದು ಪಕ್ಕಕ್ಕಿಟ್ಟ ಪಟ್ಟಿ ಮಾತ್ರ ಬಾಯಿಪಾಠ.

ನಿವೃತ್ತಿಯ ಮೇಲೆ ತಿಪಟೂರು ಸೀಮೆಯ ಹಳ್ಳಿಗೆ ಬಂದವನು, ಹಿತ್ತಲಲ್ಲಿ ಹಳೆಯ ಕೊಟ್ಟಿಗೆ ಬಿದ್ದುಹೋಗಿದ್ದ ಜಾಗದಲ್ಲಿ ಒಂದು ವೀಕ್ಷಣಾಲಯ ಕಟ್ಟಿಸಿದೆ. ಆ ಮಾತು ಕೇಳಿದವರು ಕಾವಲೂರಿನ ಬಿಳಿ ಗುಮ್ಮಟವನ್ನು ಕಣ್ಣಮುಂದೆ ತಂದುಕೊಂಡು ಬಂದು, ತಗಡಿನ ಸೂರಿನ ಪುಟ್ಟ ಕೋಣೆ ನೋಡಿ, ಪಂಪ್‌ಹೌಸಿನ ಹಿಂದೆ ಇರಬೇಕೇನೋ ಎಂದು ಮುಂದಕ್ಕೆ ನಡೆದುಬಿಡುತ್ತಾರೆ. ಕೋಣೆಯ ವಿಶೇಷವಿರುವುದು ಸೂರಿನಲ್ಲಿ. ಅದು ಹಳಿಯ ಮೇಲೆ ಕೂತಿದೆ. ಭುಜ ಕೊಟ್ಟು ತಳ್ಳಿದರೆ ಇಡಿಯ ಸೂರು ಹಿಂದಕ್ಕೆ ಸರಿದು ಎರಡು ಕಂಬಗಳ ಮೇಲೆ ನಿಲ್ಲುತ್ತದೆ. ಸ್ಲೈಡಿಂಗ್ ಗೇಟಿಗೆ ಹಾಕುವ ಗಾಲಿ, ಅದರಡಿಗೆ ಆಂಗಲ್ ಕಬ್ಬಿಣ. ಇದನ್ನು ಮೇಸ್ತ್ರಿಗೆ ವಿವರಿಸುವುದರಲ್ಲಿ ನನ್ನ ಮೂವತ್ತು ವರ್ಷದ ಪಾಠದ ಅನುಭವವೆಲ್ಲ ಕರಗಿಹೋಯಿತು.

“ಮಳೆ ಬಂದ್ರೆ ಹಾಕ್ತೀರಾ, ಇಲ್ದಿದ್ರೆ ತೆಗೀತೀರಾ. ಅಲ್ವಾ ಸಾರ್?”

“ಹೌದು.”

“ಹಂಗಾದ್ರೆ ಒಂದು ಟಾರ್ಪಾಲು ತಗೊಂಬುಟ್ರೆ ಆಗಲ್ವಾ?”

ಅವನಿಗೆ ಅದಕ್ಕಿಂತ ದೊಡ್ಡ ತಕರಾರು ನಡುಗಂಬದ ಮೇಲಿತ್ತು. ದುರ್ಬೀನು ಕೂರುವ ಕಾಂಕ್ರೀಟು ಕಂಬಕ್ಕೆ ಬೇರೆಯೇ ಪಾಯ ತೆಗೆದು, ನೆಲಕ್ಕೂ ಕಂಬಕ್ಕೂ ನಡುವೆ ಎರಡು ಬೆರಳು ಸಂದು ಬಿಡಬೇಕು. ಕೋಣೆಯಲ್ಲಿ ನಾವು ಕಾಲಿಟ್ಟರೆ ಆ ನಡುಕ ಕಂಬಕ್ಕೆ ತಾಗಬಾರದು. ಸಂದು ಮುಚ್ಚುವುದೇ ಕಸುಬಾದವನಿಗೆ ಬೇಕೆಂದೇ ಸಂದು ಬಿಡು ಎಂದರೆ ಹೇಗಾಗಬೇಡ? “ಇಲಿ ಬರ್ತವೆ ಸಾರ್” ಎಂದು ಕೊನೆಯ ದಿನದವರೆಗೂ ಗೊಣಗಿದ. ಇಲಿ ಬರಲಿಲ್ಲ. ಇರುವೆ ಬಂದವು, ಹಲ್ಲಿ ಬಂದು ಮೋಟರಿನ ಪೆಟ್ಟಿಗೆಯ ಹಿಂದೆ ಮೊಟ್ಟೆ ಇಟ್ಟಿತು, ಹಳಿಯ ಕೊನೆಯಲ್ಲಿ ಕಣಜ ಗೂಡು ಕಟ್ಟಿತು. ಕಂಬ ಮಾತ್ರ ಸಿದ್ಧವಾಗಿ ದುರ್ಬೀನು ಇನ್ನೂ ಬಾರದಿದ್ದ ದಿನಗಳಲ್ಲಿ ಬೀದಿಯ ಹೆಂಗಸರು ಅದನ್ನು ತುಳಸಿಕಟ್ಟೆಯೆಂದು ನಿಶ್ಚಯಿಸಿಕೊಂಡು ಅರಿಶಿನ ಕುಂಕುಮ ಹಚ್ಚಿ ಹೋಗಿದ್ದರು. ಆ ಗುರುತು ಒಂದು ಮೂಲೆಯಲ್ಲಿ ಇನ್ನೂ ಇದೆ. ಅಳಿಸುವ ಧೈರ್ಯ ನನಗಿಲ್ಲ. ಗೃಹಪ್ರವೇಶದ ಮಾತೂ ಬಂತು. ಸೂರು ತೆಗೆದು ಹಾಲು ಉಕ್ಕಿಸಬೇಕೋ ಹಾಕಿ ಉಕ್ಕಿಸಬೇಕೋ ಎಂಬುದು ಇತ್ಯರ್ಥವಾಗದೆ, ಮನೆಯಾಕೆ ಹಾಲನ್ನು ಅಡುಗೆಮನೆಯಲ್ಲೇ ಉಕ್ಕಿಸಿ ಕಾಫಿ ಮಾಡಿಬಿಟ್ಟಳು.

ಆಮೇಲೆ ಧ್ರುವನ ಪ್ರಕರಣ.

ದುರ್ಬೀನನ್ನು ಹೊತ್ತು ತಿರುಗಿಸುವ ಯಂತ್ರಕ್ಕೆ ಮೌಂಟ್ ಎನ್ನುತ್ತೇವೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವಷ್ಟೇ ವೇಗದಲ್ಲಿ ಅದು ದುರ್ಬೀನನ್ನು ಎದುರು ದಿಕ್ಕಿಗೆ ತಿರುಗಿಸುತ್ತ ಹೋಗಬೇಕು. ಅದಕ್ಕಾಗಿ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು, ಅಂದರೆ ಧ್ರುವ ನಕ್ಷತ್ರದ ಹತ್ತಿರಕ್ಕೆ ಗುರಿಯಿಟ್ಟಿರಬೇಕು. ಧ್ರುವ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆ ಎಂಬುದು ನಾವಿರುವ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮ. ಲಂಡನ್ನಿನವರಿಗೆ ಅದು 51 ಡಿಗ್ರಿ ಎತ್ತರದಲ್ಲಿ ಗತ್ತಿನಿಂದ ನಿಂತಿದೆ. ನಮಗೆ ಬರೀ 13 ಡಿಗ್ರಿ. ಆ ಎತ್ತರದಲ್ಲಿ ತಿಪಟೂರು ಸೀಮೆಯಲ್ಲಿ ಕಾಣುವುದು ಒಂದೇ ವಸ್ತು: ತೆಂಗಿನ ಮರದ ಸುಳಿ.

ಆ ಮರ ನಮ್ಮದೇ. ಅತ್ತೆಯವರು ನೆಟ್ಟದ್ದು. ಅದನ್ನು ಕಡಿಸುವ ಮಾತನ್ನು ನಾನು ಪೂರ್ತಿ ಆಡಲೂ ಇಲ್ಲ. ಧ್ರುವನಿಗೆ ಮರ ಅಡ್ಡವಾಗಿದೆ ಎಂದೆನಷ್ಟೇ. “ನೋಡ್ರೀ, ನಿಮ್ಮ ಧ್ರುವ ವರ್ಷಕ್ಕೆ ಎಷ್ಟು ಕಾಯಿ ಕೊಡ್ತಾನೆ ಕೇಳ್ಕೊಂಡು ಬನ್ನಿ, ಆಮೇಲೆ ಮಾತಾಡೋಣ” ಎಂದಳು ಮನೆಯಾಕೆ. ಕೊಬ್ಬರಿಯ ಸೀಮೆಯಲ್ಲಿ ಹುಟ್ಟಿದವಳ ಜತೆ ಖಗೋಳ ವಾದ ನಡೆಯುವುದಿಲ್ಲ. ನಮ್ಮ ಮದುವೆಯ ದಿನ ಪುರೋಹಿತರು ಮಂಟಪದಿಂದ ಹೊರಗೆ ಕರೆತಂದು, ಬೆಳಗಿನ ಹನ್ನೊಂದರ ಬಿಸಿಲಿನಲ್ಲಿ ಬೆರಳು ತೋರಿಸಿ, ಧ್ರುವ ಕಂಡನೇ ಅರುಂಧತಿ ಕಂಡಳೇ ಎಂದು ಕೇಳಿದ್ದರು. ಇಬ್ಬರೂ ಕಂಡೆವು ಎಂದಿದ್ದೆವು. ಆಗ ಕಂಡದ್ದೇ ಸಾಕಲ್ಲ ಎಂಬುದು ಅವಳ ನಿಲುವು.

ಹಾಗೆ ನೋಡಿದರೆ ಧ್ರುವನೂ ಅಂಥ ಸ್ಥಿರಪುರುಷನೇನಲ್ಲ. ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗೂ ತುಸು ಆಚೆ ಕೂತು ದಿನಕ್ಕೊಂದು ಸುತ್ತು ಹಾಕುತ್ತಾನೆ. ಈಜಿಪ್ಟಿನವರು ಪಿರಮಿಡ್ಡು ಕಟ್ಟುತ್ತಿದ್ದ ಕಾಲಕ್ಕೆ ಆ ಪಟ್ಟ ಥುಬಾನ್ ಎಂಬ ಬೇರೆ ನಕ್ಷತ್ರದ್ದಾಗಿತ್ತು. ಭೂಮಿಯ ಅಕ್ಷ ಸುಮಾರು 26 ಸಾವಿರ ವರ್ಷಕ್ಕೊಮ್ಮೆ ತೂರಾಡಿ ಸುತ್ತು ಬರುವುದರಿಂದ ಪಟ್ಟ ಕೈ ಬದಲಾಗುತ್ತಲೇ ಇರುತ್ತದೆ. ಈಗ ಧ್ರುವನ ದರ್ಶನವಿಲ್ಲದೆಯೂ ಕೆಲಸ ಸಾಗುತ್ತದೆ. ಆಕಾಶದ ಬೇರೆ ಭಾಗದ ಮೂರು ಚಿತ್ರ ತೆಗೆದರೆ ಸಾಕು, ಕಂಪ್ಯೂಟರು ಅದರಲ್ಲಿನ ಚುಕ್ಕಿಗಳನ್ನು ನಕ್ಷೆಯ ಜತೆ ತಾಳೆ ನೋಡಿ, ಅಕ್ಷ ಎಷ್ಟು ತಪ್ಪಿದೆ, ಯಾವ ತಿರುಪನ್ನು ಎಷ್ಟು ತಿರುಗಿಸಬೇಕು ಎಂದು ಹೇಳಿಬಿಡುತ್ತದೆ. ಮರ ಉಳಿಯಿತು. ಸಂಸಾರವೂ.

ಅಕ್ಷ ಕೂಡಿದ ಮೇಲೆಯೂ ಯಂತ್ರದ ಹಲ್ಲುಚಕ್ರಗಳ ಸೊಟ್ಟ ಇದ್ದೇ ಇರುತ್ತದೆ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ನಮ್ಮ ತಪ್ಪು ಒಂದು ಆರ್ಕ್ ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಒಂದು ಆರ್ಕ್ ಸೆಕೆಂಡ್ ಎಂದರೆ, ಎರಡು ಸೆಂಟಿಮೀಟರ್ ಅಗಲದ ನಾಣ್ಯವನ್ನು ಯಾರಾದರೂ ನಾಲ್ಕು ಕಿಲೋಮೀಟರ್ ಆಚೆ ನಿಂತು ಎತ್ತಿ ಹಿಡಿದರೆ ಅದು ನಮಗೆ ಕಾಣುವ ಅಗಲ. ಅದಕ್ಕೇ ಒಂದು ಪುಟ್ಟ ಎರಡನೆಯ ಕ್ಯಾಮೆರಾ ಒಂದು ನಕ್ಷತ್ರವನ್ನು ಕಾಯುತ್ತ ಕೂತು, ಅದು ಕೂದಲೆಳೆ ಸರಿದರೂ ಮೌಂಟಿಗೆ ಚಾಡಿ ಹೇಳುತ್ತದೆ. ಇಷ್ಟು ನಾಜೂಕಿನ ವ್ಯವಸ್ಥೆಯನ್ನು ಒಂದು ಬಾವಲಿ ರೆಕ್ಕೆ ಬಡಿದು ಕೆಡಿಸಬಲ್ಲದು. ಬಿದ್ದ ತೆಂಗಿನಕಾಯಿಯೂ ಕೆಡಿಸಬಲ್ಲದು. ಪ್ರತ್ಯೇಕ ಪಾಯ ತೆಗೆಸಿದ್ದಕ್ಕೆ ಕಾಯಿ ಬೀಳುವ ದಿನ ಬೆಲೆ ಗೊತ್ತಾಗುತ್ತದೆ.

ಇನ್ನು ಫೋಟೋ. ಒಮ್ಮೆ ಕ್ಲಿಕ್ಕಿಸಿದರೆ ಬರುವಂಥದಲ್ಲ. ಮೂರು ಮೂರು ನಿಮಿಷದ ಚಿತ್ರಗಳನ್ನು ರಾತ್ರಿಯಿಡೀ ತೆಗೆದು, ಒಂದರ ಮೇಲೊಂದು ರಾಶಿ ಹಾಕಿ ಸರಾಸರಿ ತೆಗೆಯಬೇಕು. ಲೆಕ್ಕ ನಿರ್ದಯವಾದದ್ದು: ಚಿತ್ರ ಎರಡರಷ್ಟು ಚೊಕ್ಕವಾಗಬೇಕಾದರೆ ಬೆಳಕನ್ನು ನಾಲ್ಕರಷ್ಟು ಹೊತ್ತು ಕೂಡಿಸಬೇಕು. ಒಂದು ಗಂಟೆಯಿಂದ ನಾಲ್ಕಕ್ಕೆ ಹೋಗುವುದು ಸಲೀಸು; ನಾಲ್ಕರಿಂದ ಹದಿನಾರಕ್ಕೆ ಹೋಗುವಾಗ ಚಳಿಗಾಲವೇ ಮುಗಿದಿರುತ್ತದೆ. ಕ್ಯಾಮೆರಾದ ಸಂವೇದಕ ಬಿಸಿಯಾದರೆ ತಾನೇ ಇಲ್ಲದ ಬೆಳಕನ್ನು ಹುಟ್ಟಿಸಿಕೊಳ್ಳುತ್ತದೆ, ಆದ್ದರಿಂದ ಅದನ್ನು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ತಂಪಾಗಿಟ್ಟಿರುತ್ತೇವೆ. ಆದರೂ ಉಳಿಯುವ ಕಲೆಗಳನ್ನು ಕಳೆಯಲು, ದುರ್ಬೀನಿಗೆ ಮುಚ್ಚಳ ಹಾಕಿ ಬರೀ ಕತ್ತಲೆಯದೇ ಒಂದಷ್ಟು ಫೋಟೋ. ಮಸೂರದ ಧೂಳು, ಅಂಚಿನ ನೆರಳು ಕಳೆಯಲು ಬೆಳಗಿನ ಜಾವ ಬಾಯಿಗೆ ಬಿಳಿ ಬಟ್ಟೆ ಬಿಗಿದು ಒಂದಷ್ಟು. ಬಟ್ಟೆ ನನ್ನ ಪಂಚೆ. ಸಮನಾದ ಬೆಳಕು ಬೇಕಾದ್ದರಿಂದ ಅದು ಒಗೆದದ್ದಾಗಿರಬೇಕು, ಅಂಚಿನ ಜರಿ ಒಳಗೆ ಬರಬಾರದು. ಹಾಲು ತರಲು ಆ ಹೊತ್ತಿಗೆ ಹೊರಟವರು ನೋಡುವುದು ಇಷ್ಟು: ಇರುಳೆಲ್ಲ ಸೂರಿಲ್ಲದ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡಿದ್ದ ಮೇಷ್ಟ್ರು, ಅಮಾವಾಸ್ಯೆ ಕಳೆದ ಬೆಳಗ್ಗೆ, ಆಕಾಶಕ್ಕೆ ಮುಖ ಮಾಡಿದ ಕೊಳವೆಗೆ ಪಂಚೆ ಉಡಿಸುತ್ತಿದ್ದಾರೆ. ಕೆಂಪು ದೀಪ ಯಾಕೆಂದರೆ ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಅದು ಕೆಡಿಸುವುದಿಲ್ಲ. ಇದನ್ನು ಹೇಳಿದಷ್ಟೂ ಅನುಮಾನ ಬಲಿಯುತ್ತದೆಂದು ಕಂಡು ಹೇಳುವುದನ್ನೇ ಬಿಟ್ಟೆ. ಒಂದು ಲಾಭವಾಯಿತು. ನಮ್ಮ ಹಿತ್ತಲಿನ ಸೀಬೆ ಮರದಲ್ಲಿ ಈಗ ಹಣ್ಣು ಉಳಿಯುತ್ತವೆ.

ಹಿತ್ತಲಲ್ಲಿ ಇಂಥ ಕೆಲಸ ಮಾಡಿ ಅನುಮಾನಕ್ಕೆ ಗುರಿಯಾದವರಲ್ಲಿ ನಾನು ಮೊದಲಿಗನಲ್ಲ ಎಂಬ ಧೈರ್ಯ ನನಗಿದೆ. ಒಂದು ನೀಹಾರಿಕೆಯ ಫೋಟೋವನ್ನು ಮೊದಲು ತೆಗೆದವನು ಹೆನ್ರಿ ಡ್ರೇಪರ್ ಎಂಬ ಅಮೆರಿಕದ ವೈದ್ಯ. 1880ರ ಸೆಪ್ಟೆಂಬರ್ 30ರಂದು ಒರಾಯನ್ ನೀಹಾರಿಕೆಗೆ 51 ನಿಮಿಷ ಗಾಜಿನ ತಟ್ಟೆ ಒಡ್ಡಿದ. ನನಗೆ ಹೆಚ್ಚು ಹತ್ತಿರದವನು ಆಂಡ್ರ್ಯೂ ಕಾಮನ್. ಹಗಲು ನೀರು, ಕೊಳಚೆ ಎಂದು ಓಡಾಡುವ ನೈರ್ಮಲ್ಯ ಎಂಜಿನಿಯರು. ಇರುಳು ಲಂಡನ್ನಿನ ಹತ್ತಿರದ ಈಲಿಂಗ್‌ನಲ್ಲಿ ತನ್ನ ಮನೆಯ ತೋಟದಲ್ಲಿ ನಿಲ್ಲಿಸಿಕೊಂಡಿದ್ದ 36 ಇಂಚಿನ ಕನ್ನಡಿ ದುರ್ಬೀನಿನ ಒಡೆಯ. 1883ರಲ್ಲಿ ಅವನು ತೆಗೆದ ಒರಾಯನ್ ನೀಹಾರಿಕೆಯ ಚಿತ್ರದಲ್ಲಿ, ಅದೇ ದುರ್ಬೀನಿಗೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಮೂಡಿದ್ದವು. ಕಣ್ಣಿಗೆ ಒಂದು ಕ್ಷಣದಲ್ಲಿ ಕಂಡಷ್ಟೇ. ಎಷ್ಟು ಹೊತ್ತು ನೋಡಿದರೂ ಬೆಳಕು ಕೂಡಿಡಲು ಅದಕ್ಕೆ ಬಾರದು. ತಟ್ಟೆ ಕೂಡಿಡುತ್ತದೆ. ಮರುವರ್ಷ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕ ಕೊಟ್ಟಿತು. ಆ ದುರ್ಬೀನು ಕೈ ಬದಲಾಗಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯಕ್ಕೆ ಹೋಗಿ ದೊಡ್ಡ ಹೆಸರು ಮಾಡಿತು. ಈಲಿಂಗ್‌ನ ನೆರೆಹೊರೆಯವರು ಏನೆಂದುಕೊಂಡಿದ್ದರೋ!

ನನ್ನ ನೆರೆಹೊರೆಯವರ ದೊಡ್ಡ ನಿರಾಸೆ ಏನೆಂದರೆ, ಇಷ್ಟೆಲ್ಲ ಕಟ್ಟಿದ ಮೇಲೂ ಕಣ್ಣಿಟ್ಟು ನೋಡಲು ಅಲ್ಲಿ ತೂತೇ ಇಲ್ಲ. ಕಣ್ಣಿಡುವ ಜಾಗದಲ್ಲಿ ಕ್ಯಾಮೆರಾ ಕೂತಿದೆ, ತೋರಿಸುವುದೆಲ್ಲ ಲ್ಯಾಪ್‌ಟಾಪಿನಲ್ಲಿ. “ಟೀವೀಲಿ ನೋಡೋದಕ್ಕೆ ಸೂರು ಯಾಕೆ ತಳ್ಳಿದ್ರಿ ಮೇಷ್ಟ್ರೇ?” ಎಂದರು ಪಕ್ಕದ ತೋಟದ ಗೌಡರು. ದೂರದೂರಿನಲ್ಲಿರುವ ಮಗನದು ಇದೇ ಪ್ರಶ್ನೆಯ ಇನ್ನೊಂದು ಪಾಠ: ಹಬಲ್ ತೆಗೆದ ಚಿತ್ರ ಪುಕ್ಕಟೆ ಸಿಗುವಾಗ ನೀವು ನಿದ್ದೆಗೆಟ್ಟು ತೆಗೆಯುವುದು ಏನಿದೆ? ನಾನು ಆಂಡ್ರೊಮಿಡದ ಕಥೆ ಹೇಳುತ್ತೇನೆ. 25 ಲಕ್ಷ ಜ್ಯೋತಿರ್ವರ್ಷ ದೂರದ ಆ ಗೆಲಾಕ್ಸಿಯನ್ನು ನೋಡದ ದೊಡ್ಡ ದುರ್ಬೀನೇ ಇಲ್ಲ. ಅಲ್ಲಿನ ಒಂದು ನಕ್ಷತ್ರದ ಬೆಳಕು ಏರಿಳಿಯುವುದನ್ನು ಕಂಡ ಎಡ್ವಿನ್ ಹಬಲ್ 1923ರಲ್ಲಿ ತಟ್ಟೆಯ ಮೇಲೆ ಆಶ್ಚರ್ಯಚಿಹ್ನೆ ಹಾಕಿ ಗುರುತಿಸಿದ್ದೇ, ನಮ್ಮ ಹಾಲುಹಾದಿಯಾಚೆಗೂ ಗೆಲಾಕ್ಸಿಗಳಿವೆ ಎಂಬುದಕ್ಕೆ ಗಟ್ಟಿ ಆಧಾರವಾಯಿತು. ಅಷ್ಟು ಜನ ಅಷ್ಟು ಕಾಲ ನೋಡಿದ ಜಾಗದ ಪಕ್ಕದಲ್ಲೇ ಆಮ್ಲಜನಕದ ಬೆಳಕು ಸೂಸುವ ದೊಡ್ಡದೊಂದು ಕಮಾನು ಇದೆ ಎಂದು 2023ರಲ್ಲಿ ಲೋಕಕ್ಕೆ ತಿಳಿಸಿದವರು ಹವ್ಯಾಸಿಗಳು: ಡ್ರೆಕ್ಸ್‌ಲರ್, ಸ್ಟ್ರಾಟ್ನರ್, ಸೇಂಟಿ. ಸಣ್ಣ ದುರ್ಬೀನು, ಕಿರಿದಾದ ಫಿಲ್ಟರು, ಇರುಳಿನ ಮೇಲೆ ಇರುಳು. ದೊಡ್ಡವರು ಒಂದೇ ಜಾಗವನ್ನು ಅಷ್ಟು ಹೊತ್ತು ನೋಡುತ್ತ ಕೂರಲಾರರು, ಅವರ ಪ್ರತಿ ಗಂಟೆಗೂ ಸರದಿ ಇರುತ್ತದೆ. ಹಿತ್ತಲಿನವನಿಗೆ ಸರದಿಯಿಲ್ಲ. ಮಗ ಒಪ್ಪಲಿಲ್ಲ, ಆದರೆ ಹೊಸ ಫಿಲ್ಟರಿನ ದುಡ್ಡು ಕಳಿಸಿದ.

ಲ್ಯಾಪ್‌ಟಾಪಿನಲ್ಲಿ ಆಕಾಶ ನೋಡುವುದು ಕೀಳೆಂದು ನಾನು ಒಪ್ಪುವುದೂ ಇಲ್ಲ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ನಮ್ಮ ದೇಶದ ಎರಡು ಮೀಟರಿನ ಹಿಮಾಲಯನ್ ಚಂದ್ರ ದುರ್ಬೀನು ಇದೆ. ಅದನ್ನು ನಡೆಸುವವರು ಉಪಗ್ರಹದ ಸಂಪರ್ಕ ಹಿಡಿದು ನಮ್ಮ ಹೊಸಕೋಟೆಯಲ್ಲಿ ಕೂತಿರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಯಲ್ಲಿ ಎಚ್ಚರವಿರುವವರು ಎರಡು ಬಗೆ. ಹಾನ್ಲೆಯ ಆಕಾಶಕ್ಕೆ ಕಾಯುವವರು, ದಮ್ ಬಿರಿಯಾನಿಯ ಸಾಲಿನಲ್ಲಿ ಕಾಯುವವರು. ಎರಡರಲ್ಲೂ ನಿಂತವರು ಒಬ್ಬರಾದರೂ ಇರಲೇಬೇಕೆಂದು ನನ್ನ ನಂಬಿಕೆ.

ವರ್ಷದ ಅಮಾವಾಸ್ಯೆಗಳೆಲ್ಲ ನನ್ನ ಪಾಲಿಗೆ ಬರುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ, ಭೀಮನ ಅಮಾವಾಸ್ಯೆ ಮೋಡದ ಪಾಲು. ಆಂಡ್ರೊಮಿಡ ರಾತ್ರಿ ಹತ್ತರ ಸುಮಾರಿಗೆ ನೆತ್ತಿಯ ಹತ್ತಿರ ಬರುವ ಅಮಾವಾಸ್ಯೆ ಯಾವುದೆಂದರೆ ದೀಪಾವಳಿಯದು. ಅದು ಏರುವುದೂ ಊರಿನ ಮಕ್ಕಳು ರಾಕೆಟ್ಟು ಏರಿಸುವುದೂ ಏಕಕಾಲ. ಶಿವರಾತ್ರಿ ಅಮಾವಾಸ್ಯೆಯ ಹಿಂದು ಮುಂದಾದ್ದರಿಂದ ಕತ್ತಲೆ ಚೆನ್ನಾಗಿದೆ, ನಾನು ಎಚ್ಚರವಾಗಿರುವುದನ್ನು ಯಾರೂ ಆಕ್ಷೇಪಿಸದ ಒಂದೇ ಇರುಳೂ ಅದು. ಆದರೆ ಜಾಗರಣೆಯ ಸೀರಿಯಲ್ ಸೆಟ್ಟು ದೇವಸ್ಥಾನದಿಂದ ನಮ್ಮ ಬೇಲಿಯವರೆಗೂ ಹರಿದಿರುತ್ತದೆ. ಉಳಿದವುಗಳಲ್ಲಿ ಎಳ್ಳಮಾವಾಸ್ಯೆ ಚಿನ್ನ. ಒರಾಯನ್ ನೀಹಾರಿಕೆ ನೆತ್ತಿಗೆ ಬರುವ ಕಾಲ, ಮೋಡವಿಲ್ಲ, ಪಟಾಕಿಯಿಲ್ಲ. ಮಸೂರಕ್ಕೆ ಇಬ್ಬನಿ ಕೂರುತ್ತದೆ, ಅದಕ್ಕೊಂದು ಬಿಸಿ ಪಟ್ಟಿ ಸುತ್ತಿದರಾಯಿತು. ಏಪ್ರಿಲಿನಲ್ಲಿ ದಕ್ಷಿಣಕ್ಕೆ ಒಮೆಗಾ ಸೆಂಟಾರಿ, ಸುಮಾರು ಕೋಟಿ ನಕ್ಷತ್ರಗಳ ಗುಚ್ಛ. ಈಲಿಂಗ್‌ನ ಕಾಮನ್‌ಗೆ ಅದು ಅವನ ತೋಟದಿಂದ ದಿಗಂತದ ಮೇಲೆ ಬರುವಂತೆಯೇ ಇರಲಿಲ್ಲ. ಧ್ರುವನನ್ನು ಕಳೆದುಕೊಂಡದ್ದಕ್ಕೆ 13 ಡಿಗ್ರಿಯವರಿಗೆ ಸಿಕ್ಕ ಪರಿಹಾರ ಇದು.

ಗೌಡರಿಗೂ ನಕ್ಷತ್ರಗಳು ಗೊತ್ತು, ಆದರೆ ಮಳೆಯಾಗಿ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಎಂದು ಅವರು ಎಣಿಸುವುದು ಹದವನ್ನು. ಡಿಸೆಂಬರಿನ ಒಂದು ಇರುಳು ಆರಿದ್ರಾ ನಕ್ಷತ್ರ ತೋರಿಸಿ ಎಂದರು. ಬೆರಳು ತೋರಿಸಿದೆ. ಕೆಂಪಗೆ ಉರಿಯುತ್ತಿತ್ತು. ಅವರು ಬಹಳ ಹೊತ್ತು ನೋಡಿ, “ಇದ್ಯಾಕೋ ಮೇಷ್ಟ್ರೇ, ಇದರಲ್ಲಿ ನೀರಿನ ಪಸೆಯೇ ಕಾಣಲ್ಲ” ಎಂದರು. ಸೂರ್ಯ ಆರಿದ್ರೆಯ ಜಾಗಕ್ಕೆ ಬರುವುದು ಜೂನ್ ಕೊನೆಯಲ್ಲಿ. ಆಗ ಬರುವುದು ಆರಿದ್ರಾ ಮಳೆ. ಸೂರ್ಯನ ಬೆಳಕಿನಲ್ಲೇ ಮುಳುಗಿರುವುದರಿಂದ ಆಗ ನಕ್ಷತ್ರ ಕಾಣುವುದಿಲ್ಲ. ಕಾಣುವಾಗ ಮಳೆ ಇರುವುದಿಲ್ಲ. ಜೀವಮಾನವಿಡೀ ಹೆಸರು ಹೇಳಿ ಬಿತ್ತಿದ ನಕ್ಷತ್ರವನ್ನು ಗೌಡರು ಮೊದಲ ಸಲ ಮುಖತಃ ಕಂಡದ್ದು ಅವತ್ತು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು: ಒಂದೇ ನಕ್ಷತ್ರದಿಂದ ಅವರಿಗೆ ರಾಗಿ, ನನಗೆ ಜೆಪೆಗ್ ಫೈಲು.

ಅದೇ ಗೌಡರ ಜತೆ ದೀಪದ ವ್ಯವಹಾರವೂ ಮಾಡಬೇಕಾಗಿ ಬಂತು. ಅವರ ತೋಟದ ಮನೆಯ ಮೂಲೆಯಲ್ಲಿ ಒಂದು ಎಲ್‌ಇಡಿ ಫ್ಲಡ್‌ಲೈಟು, ಸರಿಯಾಗಿ ನನ್ನ ಕೋಣೆಗೆ ಮುಖ. ಹಿಂದಿನ ಹಳದಿ ಸೋಡಿಯಂ ದೀಪವಾಗಿದ್ದರೆ ಅದರ ಬಣ್ಣವಷ್ಟನ್ನೇ ತಡೆಯುವ ಫಿಲ್ಟರು ಹಾಕಬಹುದಿತ್ತು. ಬಿಳಿ ಎಲ್‌ಇಡಿ ಎಲ್ಲ ಬಣ್ಣವನ್ನೂ ಎರಚುತ್ತದೆ. ನೀಹಾರಿಕೆಯಾದರೆ ಜಲಜನಕದ ಕೆಂಪು, ಆಮ್ಲಜನಕದ ಹಸಿರುನೀಲಿ ಎರಡನ್ನೇ ಬಿಟ್ಟು ಉಳಿದದ್ದನ್ನು ತಡೆಯುವ ಫಿಲ್ಟರಿದೆ. ಗೆಲಾಕ್ಸಿಯ ಬೆಳಕೂ ಎಲ್ಲ ಬಣ್ಣದ್ದು, ಅಲ್ಲಿ ಅದು ನಡೆಯದು. ಆರಿಸಿ ಎನ್ನೋಣವೆಂದರೆ ಗೌಡರ ಕಾರಣ ಗಟ್ಟಿಯಾದದ್ದು. ಸೀಮೆಯಲ್ಲಿ ಚಿರತೆ ಓಡಾಡುತ್ತದೆ, ಕೊಟ್ಟಿಗೆಯಲ್ಲಿ ಕರು ಇದೆ. ಗೆಲಾಕ್ಸಿಗಾಗಿ ಕರು ಬಿಡಿ ಎಂದು ಯಾವ ಬಾಯಲ್ಲಿ ಕೇಳುವುದು? ಕರೆಂಟು ಹೋದಾಗಲೆಲ್ಲ ಒಳಗೊಳಗೆ ಹಿಗ್ಗುತ್ತಿದ್ದೆ. ನನ್ನ ಯಂತ್ರವೆಲ್ಲ ಬ್ಯಾಟರಿಯ ಮೇಲೆ ನಡೆಯುತ್ತದೆ. ಲೈನ್‌ಮನ್‌ಗೆ ಫೋನ್ ಮಾಡಿ, ಯಾವಾಗ ಬರುತ್ತೆ ಎಂದು ಕೇಳುವವರ ನಡುವೆ, ಇನ್ನೂ ಎರಡು ಗಂಟೆ ಬರಲ್ಲ ತಾನೇ ಎಂದು ಕೇಳಿದವನು ನಾನೊಬ್ಬನೇ ಎಂದು ಅವನೇ ಹೇಳಿದ.

ದಾರಿ ತೋರಿಸಿದ್ದು ಹಾನ್ಲೆ. ಅಲ್ಲಿನ ಸುತ್ತಮುತ್ತನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಎಂದು ಸಾರಿದ ಮೇಲೆ, ಹಳ್ಳಿಯವರು ಕಿಟಕಿಗೆ ದಪ್ಪ ಪರದೆ, ದೀಪಕ್ಕೆ ಮರೆ ಹಾಕಿಕೊಂಡಿದ್ದಾರೆ. ಬೆಳಕು ನೆಲಕ್ಕೆ ಬಿದ್ದರೆ ಸಾಕು, ಆಕಾಶಕ್ಕೆ ಯಾಕೆ? ನನ್ನ ಮೇಸ್ತ್ರಿಯನ್ನೇ ಕರೆಸಿದೆ. ಅವನು ಎಣ್ಣೆ ಡಬ್ಬ ಒಂದನ್ನು ಓರೆಯಾಗಿ ಕತ್ತರಿಸಿ, ಒಳಗೆ ಬಿಳಿ ಬಣ್ಣ ಬಳಿದು, ಗೌಡರ ದೀಪಕ್ಕೆ ಟೋಪಿ ತೊಡಿಸಿದ. ಚದುರಿ ಹೋಗುತ್ತಿದ್ದ ಬೆಳಕೆಲ್ಲ ಕೊಟ್ಟಿಗೆಯ ಬಾಗಿಲಿಗೇ ಬಿತ್ತು. ಕರುವಿನ ಕಿವಿಯ ಮಚ್ಚೆ ಕಾಣಿಸುತ್ತದೆ ಎಂದು ಗೌಡರಿಗೆ ಖುಷಿ. ಕಣ್ಣಿಗೆ ಹೊಡೆಯುವುದಿಲ್ಲ ಎಂದು ಎದುರು ಮನೆಯವರೂ ಒಂದು ಕೇಳಿದರು. ಡೈರಿಯವರು ಎರಡು ಕೇಳಿದರು. ಟಾರ್ಪಾಲು ಸಾಕು ಎಂದಿದ್ದ ಮೇಸ್ತ್ರಿ ಈಗ ಡಬ್ಬಕ್ಕಿಷ್ಟು ಎಂದು ದರ ಕಟ್ಟಿದ್ದಾನೆ. ನನ್ನ ಹೆಸರು ಹೇಳಿದರೆ ರಿಯಾಯಿತಿಯಂತೆ.

ಉಳಿದಿರುವುದು ಬೀದಿಯ ಕಂಬದ ದೀಪ. ಅದಕ್ಕೂ ಒಂದು ಡಬ್ಬ ಹಾಕಪ್ಪ ಎಂದರೆ ಲೈನ್‌ಮನ್ ನಾಲಿಗೆ ಕಚ್ಚಿಕೊಂಡ. ಅದು ಪಂಚಾಯಿತಿ ದೀಪ, ಡಬ್ಬಕ್ಕೆ ಗ್ರಾಮಸಭೆಯಲ್ಲಿ ಠರಾವು ಆಗಬೇಕು. ಅರ್ಜಿ ಬರೆದು ಕೊಟ್ಟಿದ್ದೇನೆ, ಗೌಡರು ಸಾಕ್ಷಿಗೆ ಬರುತ್ತಾರಂತೆ, ಬೇಕಾದರೆ ಕರುವನ್ನೂ ತರುತ್ತಾರಂತೆ. ದಿನಾಂಕ ತಿಳಿದ ಕೂಡಲೇ ಪಂಚಾಂಗ ತೆಗೆದು ನೋಡಿದೆ. ಹುಣ್ಣಿಮೆ. ಸಭೆ ಎಷ್ಟು ಹೊತ್ತು ಎಳೆದರೂ ಎಳೆಯಲಿ, ಅವತ್ತು ರಾತ್ರಿ ನನಗೆ ಬೇರೆ ಕೆಲಸವಿಲ್ಲ.